ಗಾಲಿ ಕುರ್ಚಿ ಬಳಸುವ ಅಕ್ಕನ ವಾಟ್ನಿ ಪತ್ರ: ನೋಂದಣಿ ಕಚೇರಿ ಮಹಡಿಯ ಮೇಲಿದೆ, ಮುಂದೇನು ಮಾಡಬೇಕು?

ಪ್ರಶ್ನೆ: ಗದಗ ಜಿಲ್ಲೆಯಿಂದ ಒಬ್ಬ ತಮ್ಮ

ಎಲ್ಲರಿಗೂ ನಮಸ್ಕಾರ. ಕಾನೂನು ತಿಳಿದವರಿಂದ, ಇಂಥದ್ದೇ ತೊಂದರೆ ಅನುಭವಿಸಿದವರಿಂದ ಸಲಹೆ ಬೇಕಾಗಿದೆ. ನಾವು ಮೂವರು ಅಣ್ಣತಮ್ಮಂದಿರು ಮತ್ತು ಒಬ್ಬಳು ಅಕ್ಕ. ತಂದೆಯವರು ತೀರಿಕೊಂಡ ಮೇಲೆ ಎರೆ ಹೊಲ ಮತ್ತು ಊರಿನ ಮನೆಯನ್ನು ನಾಲ್ವರೂ ಸಮನಾಗಿ ಹಂಚಿಕೊಂಡು ವಾಟ್ನಿ ಪತ್ರವನ್ನು ನೋಂದಾಯಿಸಬೇಕೆಂದು ನಿರ್ಧರಿಸಿದೆವು. ಅಕ್ಕನಿಗೆ ಚಿಕ್ಕಂದಿನಲ್ಲಿಯೇ ಪೋಲಿಯೊ ಆಗಿದ್ದು, ಎರಡೂ ಕಾಲುಗಳಲ್ಲಿ ಶಕ್ತಿಯಿಲ್ಲ. ಗಾಲಿ ಕುರ್ಚಿಯಲ್ಲಿ ಕುಳಿತೇ ಹೊಲಿಗೆ ಕೆಲಸ ಮಾಡಿ ತನ್ನ ಖರ್ಚನ್ನು ತಾನೇ ನೋಡಿಕೊಳ್ಳುತ್ತಾಳೆ. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಚೀಟಿಯೂ ಇದೆ.

ನಮ್ಮ ತಾಲ್ಲೂಕಿನ ನೋಂದಣಿ ಕಚೇರಿ ಬಾಡಿಗೆ ಕಟ್ಟಡದ ಮೊದಲ ಮಹಡಿಯಲ್ಲಿದೆ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಲಿಫ್ಟ್ ಇಲ್ಲ, ಮೆಟ್ಟಿಲುಗಳು 23. ಗೊತ್ತುಪಡಿಸಿದ ದಿನ ಹೋದಾಗ, ಫೋಟೊ ತೆಗೆಯುವ ಕ್ಯಾಮೆರಾ ಮತ್ತು ಹೆಬ್ಬೆರಳು ಒತ್ತಿಸಿಕೊಳ್ಳುವ ಯಂತ್ರ ಮೇಲೆಯೇ ಇರುವುದರಿಂದ ಅವರನ್ನು ಹೇಗಾದರೂ ಮೇಲೆ ಕರೆತನ್ನಿ ಎಂದು ಸಿಬ್ಬಂದಿ ಹೇಳಿದರು. ಗಾಲಿ ಕುರ್ಚಿ ಮೆಟ್ಟಿಲಿನ ತಿರುವಿನಲ್ಲಿ ಹಿಡಿಸುವಂತಿರಲಿಲ್ಲ. ಎದುರಿನ ಚಹಾ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಅಕ್ಕನನ್ನು ಅದರಲ್ಲಿ ಕೂರಿಸಿ, ಅಣ್ಣ ಮುಂದೆ ನಾನು ಹಿಂದೆ ಹಿಡಿದು ಹೊತ್ತೆವು. ಹದಿನಾಲ್ಕನೆಯ ಮೆಟ್ಟಿಲಿನ ಹತ್ತಿರ, ತಿರುವಿನಲ್ಲಿ, ಕುರ್ಚಿಯ ಒಂದು ಕಾಲು ಬಾಗಿ ಅಕ್ಕ ಒಂದು ಬದಿಗೆ ವಾಲಿದಳು. ಒಂದು ಕೈಯಲ್ಲಿ ಕಬ್ಬಿಣದ ಕಂಬಿಯನ್ನೂ ಇನ್ನೊಂದು ಕೈಯಲ್ಲಿ ಸೆರಗನ್ನೂ ಹಿಡಿದುಕೊಂಡಿದ್ದಳು. ಮೆಟ್ಟಿಲಿನ ಮೇಲೆ ಸಾಲಾಗಿ ನಿಂತವರೆಲ್ಲ ನೋಡುತ್ತಿದ್ದರು. ಮೇಲಿನಿಂದ ಒಬ್ಬರು, ಇನ್ನು ಒಂಬತ್ತೇ ಮೆಟ್ಟಿಲು ಉಳಿದಿವೆ, ಬಂದುಬಿಡಿ ಎಂದರು. ಅಕ್ಕ ಬೇಡವೆಂದಳು. ಕೆಳಗೆ ಇಳಿಸಿಕೊಂಡು, ಪತ್ರ ನೋಂದಾಯಿಸದೆ ಮನೆಗೆ ಬಂದೆವು.

ಅಕ್ಕನ ಪರವಾಗಿ ಸಹಿ ಮಾಡುವ ಅಧಿಕಾರ ಕೊಡುವ ಮುಖ್ತ್ಯಾರ ಪತ್ರವನ್ನು ಅವಳಿಂದ ನನ್ನ ಹೆಸರಿಗೆ ಬರೆಸಿಕೊಂಡರೆ ಅವಳು ಬರುವ ಅಗತ್ಯವೇ ಇರುವುದಿಲ್ಲ ಎಂದು ಸಂಬಂಧಿಕರು ಹೇಳುತ್ತಿದ್ದಾರೆ. ಪಾಲಿನ ಬದಲು ಹಣ ಕೊಟ್ಟು ಹಕ್ಕು ಬಿಡುಗಡೆ ಮಾಡಿಸಿಕೊಳ್ಳಿ ಎಂದವರೂ ಇದ್ದಾರೆ. ಇದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಪತ್ರದ ಕರಡು ಸಿದ್ಧವಿದೆ, ಸಹಿ ಇನ್ನೂ ಆಗಿಲ್ಲ. ಮುಂದಿನ ದಿನಾಂಕದೊಳಗೆ ನಾವು ಏನು ಮಾಡಬೇಕು? ಆ ಕಚೇರಿಯ ವಿಷಯದಲ್ಲಿ ದೂರು ಕೊಡಲು ಬರುತ್ತದೆಯೇ?

ಉತ್ತರ: ದಸ್ತಾವೇಜು ಬರೆಯುವವರು, ಹಾವೇರಿ

ನಿಮ್ಮ ಅಕ್ಕನವರನ್ನು ಹೊತ್ತೊಯ್ಯುವ ಅಗತ್ಯವೇ ಇರಲಿಲ್ಲ ಎಂಬುದನ್ನು ಮೊದಲು ಹೇಳಬೇಕು. 1908ರ ನೋಂದಣಿ ಕಾಯ್ದೆಯ 38ನೆಯ ಕಲಮಿನ ಪ್ರಕಾರ, ದೈಹಿಕ ದುರ್ಬಲತೆಯಿಂದಾಗಿ ಅಪಾಯವಿಲ್ಲದೆ ಅಥವಾ ಗಂಭೀರ ತೊಂದರೆಯಿಲ್ಲದೆ ಕಚೇರಿಗೆ ಹಾಜರಾಗಲು ಸಾಧ್ಯವಿಲ್ಲದ ವ್ಯಕ್ತಿ ಖುದ್ದಾಗಿ ಹಾಜರಾಗಬೇಕಾಗಿಲ್ಲ. ಅಂಥವರ ವಿಷಯದಲ್ಲಿ ಉಪ ನೋಂದಣಾಧಿಕಾರಿಯು ತಾವೇ ಆ ವ್ಯಕ್ತಿಯ ಮನೆಗೆ ಹೋಗಿ ವಿಚಾರಿಸಬೇಕು, ಇಲ್ಲವೇ ವಿಚಾರಣೆಗಾಗಿ ಕಮಿಷನ್ ನೇಮಿಸಬೇಕು, ಅಂದರೆ ತಮ್ಮ ಪರವಾಗಿ ವಿಚಾರಿಸುವವರನ್ನು ಕಳಿಸಬೇಕು. ಹೋದರೂ ಹೋಗಬಹುದು, ಬಿಟ್ಟರೂ ಬಿಡಬಹುದು ಎಂಬ ಅರ್ಥದಲ್ಲಿ ಆ ಮಾತು ಅಲ್ಲಿಲ್ಲ. ವಿಶೇಷ ಕಾರಣವಿದ್ದರೆ ಮನೆಗೆ ಬಂದು ದಸ್ತಾವೇಜು ಸ್ವೀಕರಿಸಲು 31ನೆಯ ಕಲಮಿನಲ್ಲಿಯೂ ಅವಕಾಶವಿದೆ.

ಹಾಸಿಗೆ ಹಿಡಿದ ಹಿರಿಯರ ಮೃತ್ಯುಪತ್ರಕ್ಕಾಗಿ, ಬಾಣಂತಿಯರ ಸಲುವಾಗಿ ಇಂಥ ಅರ್ಜಿಗಳನ್ನು ನಾನು ಹಲವು ಸಲ ಬರೆದುಕೊಟ್ಟಿದ್ದೇನೆ. ಬಿಳಿ ಹಾಳೆಯ ಮೇಲೆ ಅಕ್ಕನವರ ಹೆಸರಿನಲ್ಲಿಯೇ ಅರ್ಜಿ ಬರೆದು, ಯುಡಿಐಡಿ ಚೀಟಿಯ ಝೆರಾಕ್ಸ್ ಲಗತ್ತಿಸಿ, ಎರಡು ಪ್ರತಿ ಒಯ್ದು ಒಂದರ ಮೇಲೆ ಮುದ್ರೆ ಮತ್ತು ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನಲ್ಲಿಯೇ ಇಲ್ಲವೆನ್ನುತ್ತಾರೆ. ಮನೆಗೆ ಬರುವುದಕ್ಕೆ ನಿಗದಿಪಡಿಸಿದ ಶುಲ್ಕವಿದೆ. ಅದಕ್ಕೆ ರಸೀದಿ ಪಡೆಯಿರಿ, ರಸೀದಿಯಿಲ್ಲದ ಹಣವನ್ನು ಯಾರಿಗೂ ಕೊಡಬೇಡಿ. ಇನ್ನೊಂದು ಮಾತು: ಪತ್ರಕ್ಕೆ ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸಬೇಕು. ಆದ್ದರಿಂದ ಅಧಿಕಾರಿ ಬರುವ ದಿನ ಗೊತ್ತಾಗುವವರೆಗೆ ಸಹಿ ಮಾಡಿಸಲು ಅವಸರ ಬೇಡ.

ಕಟ್ಟಡದ ವಿಷಯವನ್ನು ಸದ್ಯಕ್ಕೆ ಬದಿಗಿಡಿ ಎನ್ನುವುದು ನನ್ನ ಅಭಿಪ್ರಾಯ. ಮೊದಲು ಹೊಲ ಅವರ ಹೆಸರಿಗೆ ಆಗಲಿ, ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಕೂಡಲಿ. ಅಧಿಕಾರಿಗಳೊಂದಿಗೆ ವೈಮನಸ್ಸು ಬೆಳೆದರೆ ಕಾಗದಪತ್ರದ ಕೆಲಸ ಹಿಂದೆ ಬೀಳುವುದನ್ನು ನಾನು ಕಂಡಿದ್ದೇನೆ.

ಉತ್ತರ: ಪ್ರೌಢಶಾಲಾ ಶಿಕ್ಷಕಿ, ಹುಬ್ಬಳ್ಳಿ

ಹಾವೇರಿಯ ಹಿರಿಯರು 38ನೆಯ ಕಲಮಿನ ಬಗ್ಗೆ ಹೇಳಿದ್ದು ಸರಿಯಾಗಿದೆ ಮತ್ತು ಬಹಳ ಜನರಿಗೆ ಅದು ಗೊತ್ತಿಲ್ಲ. ಆದರೆ ಕಟ್ಟಡದ ವಿಷಯವನ್ನು ಬದಿಗಿಡಿ ಎಂಬ ಮಾತನ್ನು ನಾನು ಒಪ್ಪಲಾರೆ. ನಾನೂ ಗಾಲಿ ಕುರ್ಚಿ ಬಳಸುವವಳು. ಹದಿನೇಳು ವರ್ಷದ ನೌಕರಿಯಲ್ಲಿ ನನಗೆ ಅತಿ ಹೆಚ್ಚು ಸಲ ಸಿಕ್ಕ ಉತ್ತರವೆಂದರೆ, ನೀವು ಯಾಕೆ ಬಂದಿರಿ, ಯಾರನ್ನಾದರೂ ಕಳಿಸಬೇಕಿತ್ತು ಎಂಬುದು. ಹೇಳುವವರ ದನಿಯಲ್ಲಿ ಕಾಳಜಿಯೇ ಇರುತ್ತದೆ. ಆದರೆ ನಮ್ಮ ಮನೆಗೇ ಬಂದು ಕೆಲಸ ಮಾಡಿಕೊಡುವ ಅವಕಾಶವಿದೆಯೆಂದು ತಿಳಿದ ಕಚೇರಿಗಳು ಆಮೇಲೆ ಮೆಟ್ಟಿಲನ್ನು ಹಾಗೆಯೇ ಉಳಿಸಿಕೊಳ್ಳುತ್ತವೆ. ನಿಮ್ಮ ಅಕ್ಕ ಹಾಸಿಗೆ ಹಿಡಿದ ರೋಗಿಯಲ್ಲ. ತಾಲ್ಲೂಕಿನ ಊರಿನವರೆಗೆ ಬಂದವರು. ಅವರನ್ನು ತಡೆದದ್ದು ಅವರ ಕಾಲುಗಳಲ್ಲ, ಆ 23 ಮೆಟ್ಟಿಲುಗಳು.

ಬಾಡಿಗೆ ಕಟ್ಟಡವಾದ್ದರಿಂದ ನಾವೇನೂ ಮಾಡಲಾಗುವುದಿಲ್ಲ ಎಂದು ನಿಮಗೂ ಹೇಳುತ್ತಾರೆ; ಆ ಮಾತಿಗೆ ಸಿದ್ಧರಾಗಿರಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಲ್ಲಿ ಸಾರ್ವಜನಿಕ ಕಟ್ಟಡವೆಂದರೆ ಸಾರ್ವಜನಿಕರು ಬಳಸುವ ಕಟ್ಟಡ. ಅದು ಸರ್ಕಾರದ್ದೋ ಖಾಸಗಿಯವರದ್ದೋ ಎಂಬ ಭೇದ ಅಲ್ಲಿಲ್ಲ. ಈಗಾಗಲೇ ಇರುವ ಇಂಥ ಕಟ್ಟಡಗಳನ್ನೆಲ್ಲ, ನಿಯಮಗಳು ಪ್ರಕಟವಾದ ದಿನದಿಂದ ಐದು ವರ್ಷದೊಳಗೆ, ಎಲ್ಲರೂ ಪ್ರವೇಶಿಸುವಂತೆ ಮಾಡಬೇಕೆಂದು 45ನೆಯ ಕಲಮು ಹೇಳುತ್ತದೆ. ನಿಯಮಗಳು 2017ರ ಜೂನ್‌ನಲ್ಲಿಯೇ ಪ್ರಕಟವಾದವು. ಅಲ್ಲಿಂದ ಐದು ವರ್ಷ 2022ಕ್ಕೇ ಮುಗಿದಿವೆ.

ದೂರಿನಲ್ಲಿ ಇಳಿಜಾರು ದಾರಿ ಮಾಡಿಸಿ ಎಂದಷ್ಟೇ ಬರೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಸುರಕ್ಷಿತ ಇಳಿಜಾರಿಗೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ನಿಮ್ಮ 23 ಮೆಟ್ಟಿಲುಗಳನ್ನು ತಲಾ ಆರು ಇಂಚು ಎಂದು ಹಿಡಿದರೂ ಎತ್ತರ ಹನ್ನೊಂದೂವರೆ ಅಡಿಯಾಗುತ್ತದೆ. ಅದಕ್ಕೆ 138 ಅಡಿ ಉದ್ದದ ಇಳಿಜಾರು, ನಡುನಡುವೆ ನಿಲ್ಲುವ ಸಮತಟ್ಟು ಜಾಗ ಬೇರೆ. ಬಾಡಿಗೆ ಕಟ್ಟಡದ ಮುಂದೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಕೊನೆಗೆ ಯಾರೋ ಗುಡ್ಡದಂತೆ ಕಡಿದಾದ ಸಿಮೆಂಟಿನ ಜಾರುಬಂಡೆ ಕಟ್ಟಿ, ಒಂದು ಫೋಟೊ ತೆಗೆದು ಕಡತಕ್ಕೆ ಸೇರಿಸುತ್ತಾರೆ. ಅಂಥ ಒಂದು ಇಳಿಜಾರಿನಲ್ಲಿ ನನ್ನ ಕುರ್ಚಿ ಹಿಂದಕ್ಕೆ ಉರುಳಿ ನಾನು ಬಿದ್ದಿದ್ದೇನೆ, ಮುಂಗೈ ಮೂಳೆ ಮುರಿದಿತ್ತು. ಆದ್ದರಿಂದ ಲಿಫ್ಟ್ ಹಾಕಿಸಬೇಕು, ಅಥವಾ ಕಚೇರಿಯನ್ನು ನೆಲಮಹಡಿಯಿರುವ ಕಟ್ಟಡಕ್ಕೆ ಸ್ಥಳಾಂತರಿಸಬೇಕು, ಅದಾಗುವವರೆಗೆ ಕೆಳಗೆ ಒಂದು ಕೋಣೆಯಲ್ಲಿ ಕ್ಯಾಮೆರಾ ಮತ್ತು ಹೆಬ್ಬೆರಳಿನ ಯಂತ್ರವನ್ನು ಇಡಬೇಕು ಎಂದು ಬಿಡಿಸಿ ಬರೆಯಿರಿ.

ಉತ್ತರ: ವಕೀಲರು, ಧಾರವಾಡ

ಮೇಲಿನ ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಮನೆಗೆ ಬರುವಂತೆ ಕೇಳುವ ಅರ್ಜಿ ಬೇರೆ, ಕಟ್ಟಡದ ಬಗ್ಗೆ ದೂರು ಬೇರೆ. ಎರಡನ್ನೂ ಒಂದೇ ಕಾಗದದಲ್ಲಿ ಬರೆದರೆ, ಅಧಿಕಾರಿ ಮನೆಗೆ ಬಂದುಹೋದ ದಿನವೇ ಅರ್ಜಿ ವಿಲೇವಾರಿಯಾಯಿತೆಂದು ಬರೆದು ಕಡತ ಮುಚ್ಚುತ್ತಾರೆ. 38ನೆಯ ಕಲಮಿನ ಅರ್ಜಿಯನ್ನು ಉಪ ನೋಂದಣಾಧಿಕಾರಿಗೆ ಕೊಡಿ. ಅವರು ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ, ಜಿಲ್ಲಾ ನೋಂದಣಾಧಿಕಾರಿಯವರಿಗೆ ಬರೆಯಿರಿ. ಕಟ್ಟಡದ ದೂರನ್ನು ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ಸಲ್ಲಿಸಿ. 2016ರ ಅಧಿನಿಯಮದ 80ನೆಯ ಕಲಮಿನಡಿ ಹಕ್ಕು ಕಸಿದುಕೊಂಡ ಪ್ರಕರಣಗಳನ್ನು ಅವರು ವಿಚಾರಣೆ ಮಾಡಬಹುದು, ಸಾಕ್ಷಿಗಳನ್ನು ಕರೆಸಲು ಮತ್ತು ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಮಾಡಿದ ಶಿಫಾರಸಿನ ಮೇಲೆ ಏನು ಕ್ರಮವಾಯಿತೆಂದು ಸಂಬಂಧಪಟ್ಟ ಇಲಾಖೆ ಮೂರು ತಿಂಗಳೊಳಗೆ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಹೇಳಬೇಕು. ಆಯುಕ್ತರದು ಶಿಫಾರಸು ಮಾತ್ರವಾದ್ದರಿಂದ ಅಲ್ಲಿಗೂ ಕೆಲಸವಾಗದಿದ್ದರೆ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಹಾಕಬೇಕಾಗುತ್ತದೆ. ಅದಕ್ಕೆ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ, ನಮ್ಮ ಧಾರವಾಡ ಪೀಠವೇ ಇದೆ.

2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪನ್ನು ದೂರಿನಲ್ಲಿ ಉಲ್ಲೇಖಿಸಿ. ದೃಷ್ಟಿದೋಷವಿರುವ ರಾತೂರಿಯವರು ಈ ಅರ್ಜಿ ಹಾಕಿದ್ದು 2005ರಲ್ಲಿ. ಕಟ್ಟಡ, ಸಾರಿಗೆ ಮುಂತಾದ ಕಡೆ ಎಲ್ಲರ ಪ್ರವೇಶಕ್ಕೆ ಬೇಕಾದ ವ್ಯವಸ್ಥೆಯನ್ನು ಅಧಿನಿಯಮ ಕಡ್ಡಾಯ ಮಾಡಿದ್ದರೂ, 2017ರ ನಿಯಮಗಳ 15ನೆಯ ನಿಯಮ ಅದನ್ನು ಬರೀ ಮಾರ್ಗದರ್ಶನದ ಮಟ್ಟಕ್ಕೆ ಇಳಿಸಿದೆ, ಆದ್ದರಿಂದ ಆ ನಿಯಮ ಅಧಿನಿಯಮಕ್ಕೆ ವಿರುದ್ಧವಾಗಿದೆ ಎಂದು ನ್ಯಾಯಾಲಯ ಹೇಳಿತು ಮತ್ತು ಕಡ್ಡಾಯವಾದ ಮಾನದಂಡಗಳನ್ನು ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಇದು ಸಲಹೆಯ ವಿಷಯ, ಅನುದಾನ ಬಂದಾಗ ನೋಡೋಣ ಎಂದು ಯಾರಾದರೂ ಹೇಳಿದರೆ ಈ ತೀರ್ಪೇ ಅದಕ್ಕೆ ಉತ್ತರ.

ಮೇಲಿನಿಂದ ಕರೆದ ಸಿಬ್ಬಂದಿಯ ಮೇಲೆ ಅವಮಾನದ ಪ್ರಕರಣ ಹಾಕಬಹುದೇ ಎಂದು ನಿಮ್ಮ ಮನಸ್ಸಿನಲ್ಲಿ ಬಂದಿರಬಹುದು. 2016ರ ಅಧಿನಿಯಮದ 92ನೆಯ ಕಲಮು ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆ, ಆದರೆ ಅವಮಾನಿಸುವ ಉದ್ದೇಶ ಇತ್ತೆಂದು ಸಾಬೀತಾಗಬೇಕು. ನೀವು ಬರೆದದ್ದನ್ನು ಓದಿದರೆ ಆ ಮನುಷ್ಯನಲ್ಲಿ ಅಂಥ ಉದ್ದೇಶ ಕಾಣುವುದಿಲ್ಲ. ಅವರ ಮೇಲೆ ಹೋದರೆ ಕಟ್ಟಡದ ಪ್ರಶ್ನೆ ಹಿಂದೆ ಸರಿಯುತ್ತದೆ.

ಇನ್ನು ಮುಖ್ತ್ಯಾರ ಪತ್ರದ ವಿಷಯ. ಇದನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಹೆಸರಿಗೆ ಬರೆಸಿಕೊಳ್ಳುವುದು ಬೇಡ. ಆಸ್ತಿಯನ್ನು ಹೊಂದುವ ಮತ್ತು ಪಿತ್ರಾರ್ಜಿತವಾಗಿ ಪಡೆಯುವ ಹಕ್ಕು ವಿಕಲಚೇತನರಿಗೆ ಇತರರಷ್ಟೇ ಇದೆಯೆಂದು ಅದೇ ಅಧಿನಿಯಮದ 13ನೆಯ ಕಲಮು ಹೇಳುತ್ತದೆ. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಆಸ್ತಿಯ ಒಂದು ವ್ಯವಹಾರದಲ್ಲಿ ನೆರವು ನೀಡುವವರಿಗೂ ವಿಕಲಚೇತನರಿಗೂ ಹಿತಾಸಕ್ತಿಯ ಘರ್ಷಣೆ ಬಂದರೆ, ನೆರವು ನೀಡುವವರು ಆ ವ್ಯವಹಾರದಿಂದ ದೂರ ಸರಿಯಬೇಕು. ರಕ್ತಸಂಬಂಧಿ ಎಂಬ ಒಂದೇ ಕಾರಣಕ್ಕೆ ಘರ್ಷಣೆಯಿದೆಯೆಂದು ಭಾವಿಸಬಾರದು ಎಂದೂ ಅಲ್ಲಿದೆ. ಆದರೆ ನೀವು ಬರೀ ತಮ್ಮನಲ್ಲ, ಅದೇ ಪತ್ರದಲ್ಲಿ ಪಾಲುದಾರರೂ ಆಗಿದ್ದೀರಿ. ಹೊಲದ ಯಾವ ತುಂಡು ಯಾರಿಗೆ ಎಂಬಲ್ಲಿ ಅವರಿಗೆ ಹೆಚ್ಚಾದದ್ದು ನಿಮಗೆ ಕಡಿಮೆಯಾಗುತ್ತದೆ. ನಿಮ್ಮ ಮನಸ್ಸು ಶುದ್ಧವಾಗಿದೆಯೆಂದು ನಿಮ್ಮ ಬರವಣಿಗೆಯಿಂದಲೇ ತಿಳಿಯುತ್ತದೆ, ಆದರೂ ನಾಳೆ ನಿಮ್ಮ ಅಕ್ಕನ ಪರವಾಗಿ ಸಹಿ ಮಾಡುವ ಕೈ ನಿಮ್ಮದಾಗಬಾರದು.

ಅವರಿಗೆ ಅವರದೇ ಆದ ವಕೀಲರು ಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಡಿ ವಿಕಲಚೇತನರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಆದಾಯದ ಮಿತಿ ಅವರಿಗೆ ಅನ್ವಯಿಸುವುದಿಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ನಿಮ್ಮ ತಾಲ್ಲೂಕಿನ ಸಮಿತಿಗೆ ಅರ್ಜಿ ಕೊಡಬಹುದು, 15100 ಸಂಖ್ಯೆಗೆ ಕರೆಯನ್ನೂ ಮಾಡಬಹುದು. ಆ ವಕೀಲರು ಪತ್ರದ ಕರಡನ್ನು ಅಕ್ಕನವರಿಗೆ ಓದಿ ಹೇಳಲಿ, ನೀವು ಮೂವರೂ ಆ ಹೊತ್ತಿನಲ್ಲಿ ಎದುರಿಗೆ ಇರದಿದ್ದರೆ ಒಳ್ಳೆಯದು.

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಕ್ಕನಿಗೆ ಏನು ಬೇಕೆಂಬುದು ಅದರಲ್ಲಿ ಎಲ್ಲಿಯೂ ಬಂದಿಲ್ಲ. ಮನೆಯಲ್ಲಿ ಸಹಿ ಮಾಡುವುದು ಅವರಿಗೆ ಒಪ್ಪಿಗೆಯೇ, ದೂರು ಕೊಡಲು ಇಷ್ಟವಿದೆಯೇ, ಯಾರ ಹೆಸರಿನಲ್ಲಿ ಎಂಬುದನ್ನು ಕೇಳಿದ್ದೀರಾ?

ಉತ್ತರ: ಪ್ರಶ್ನೆ ಕೇಳಿದವರು

ವಕೀಲರೇ, ಬೇಸರವಿಲ್ಲ. ಕೇಳಿರಲಿಲ್ಲ ಎಂಬುದು ನಿಜ. ಆ ದಿನದ ನಂತರ ಮನೆಯಲ್ಲಿ ಎಲ್ಲರೂ ಆ ವಿಷಯ ಎತ್ತಿದರೆ ಅಕ್ಕನಿಗೆ ನೋವಾಗುತ್ತದೆಂದು ಸುಮ್ಮನಿದ್ದೆವು, ಆದರೆ ಅಡುಗೆಮನೆಯಲ್ಲಿ ನಾವು ನಾವೇ ಮಾತನಾಡಿಕೊಳ್ಳುತ್ತಿದ್ದೆವು. ನಿನ್ನೆ ರಾತ್ರಿ ಇಲ್ಲಿಯ ಉತ್ತರಗಳನ್ನೆಲ್ಲ ಅವಳ ಮುಂದಿಟ್ಟೆ. ಕಾನೂನು ಸೇವಾ ಪ್ರಾಧಿಕಾರದ ಅರ್ಜಿಯನ್ನು ಅವಳೇ ತುಂಬುತ್ತಾಳೆ. ಮುಂದಿನದನ್ನು ತಾನೇ ಇಲ್ಲಿ ಬರೆಯುವುದಾಗಿ ಹೇಳಿದ್ದಾಳೆ.

ಉತ್ತರ: ಅಕ್ಕ, ಐದು ವಾರಗಳ ನಂತರ

ಎಲ್ಲರಿಗೂ ನಮಸ್ಕಾರ. ಯಾರ ವಿಷಯವಾಗಿ ಈ ಚರ್ಚೆ ನಡೆಯಿತೋ ಆಕೆ ನಾನು.

ಪ್ರಾಧಿಕಾರದಿಂದ ಒಬ್ಬ ಮಹಿಳಾ ವಕೀಲರನ್ನು ನೇಮಿಸಿಕೊಟ್ಟರು. ಅವರು ಮನೆಗೆ ಬಂದು ತಮ್ಮಂದಿರನ್ನು ಹೊರಗೆ ಕಳಿಸಿ, ಕರಡನ್ನು ಒಂದೊಂದು ಸಾಲಾಗಿ ಓದಿದರು. ನನ್ನ ಪಾಲಿಗೆ ಬರೆದದ್ದು ಹೊಲದ ಹಿಂದಿನ ತುಂಡು. ಚಕ್ಕುಬಂದಿಯಲ್ಲಿ, ಅಂದರೆ ಹೊಲದ ಗಡಿಗಳ ವಿವರದಲ್ಲಿ, ನಾಲ್ಕು ದಿಕ್ಕಿಗೂ ತಮ್ಮಂದಿರ ಮತ್ತು ನೆರೆಯವರ ಹೆಸರುಗಳೇ ಇದ್ದವು, ರಸ್ತೆಯಿಂದ ನನ್ನ ತುಂಡಿಗೆ ಹೋಗುವ ಚಕ್ಕಡಿ ದಾರಿಯ ಮಾತು ಎಲ್ಲಿಯೂ ಇರಲಿಲ್ಲ. ಯಾರೂ ಬೇಕೆಂದು ಬಿಟ್ಟಿದ್ದಲ್ಲ. ಅಕ್ಕ ಹೊಲಕ್ಕೆ ಹೋಗುವವಳಲ್ಲವೆಂದು ಅದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ. ಆದರೆ ನಾನು ಆ ಹೊಲವನ್ನು ಲಾವಣಿಗೆ (ಗೇಣಿಗೆ) ಕೊಡಬೇಕೆಂದಿದ್ದೇನೆ; ದಾರಿಯಿಲ್ಲದ ಹೊಲವನ್ನು ಯಾರು ಮಾಡುತ್ತಾರೆ? ದೊಡ್ಡ ತಮ್ಮನ ಪಾಲಿನ ಬದುವಿನ ಗುಂಟ ಹನ್ನೆರಡು ಅಡಿ ಚಕ್ಕಡಿ ದಾರಿಯ ಹಕ್ಕನ್ನು ಬರೆಸಿ, ಕರಡನ್ನು ತಿದ್ದಿಸಿ, ಮತ್ತೆ ಸಲ್ಲಿಸಿದೆವು. ಇದರಿಂದ ಹತ್ತು ದಿನ ತಡವಾಯಿತು. ಆ ಮೆಟ್ಟಿಲನ್ನು ಹತ್ತಿಬಿಟ್ಟಿದ್ದರೆ ಅದೇ ದಿನ ದಾರಿಯಿಲ್ಲದ ಹೊಲಕ್ಕೆ ಸಹಿ ಮಾಡಿ ಬರುತ್ತಿದ್ದೆ.

38ನೆಯ ಕಲಮಿನ ಅರ್ಜಿಯನ್ನು ಮೊದಲು ತೆಗೆದುಕೊಳ್ಳಲು ಹಿಂಜರಿದರು. ಹಾವೇರಿಯ ಹಿರಿಯರು ಹೇಳಿದಂತೆ ಎರಡನೆಯ ಪ್ರತಿಯ ಮೇಲೆ ಮುದ್ರೆ ಕೇಳಿದಾಗ ಅಧಿಕಾರಿಯವರೇ ಓದಿ ನೋಡಿ ದಿನ ಗೊತ್ತುಮಾಡಿದರು. ಅವರು ನಮ್ಮ ಪಡಸಾಲೆಯಲ್ಲಿ ಕುಳಿತು, ಪತ್ರದಲ್ಲಿ ಏನು ಬರೆದಿದೆ ಎಂದು ನನ್ನನ್ನೇ ಕೇಳಿದರು, ನಾನೇ ಹೇಳಿದೆ. ಶುಲ್ಕಕ್ಕೆ ರಸೀದಿ ಕೊಟ್ಟರು. ಅವರ ನಡವಳಿಕೆಯಲ್ಲಿ ಯಾವ ಕೊರತೆಯೂ ಇರಲಿಲ್ಲ ಎಂದು ಬರೆಯುವುದು ನ್ಯಾಯ.

ದೂರನ್ನು ನನ್ನ ಹೆಸರಿನಲ್ಲಿಯೇ ರಾಜ್ಯ ಆಯುಕ್ತರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಹುಬ್ಬಳ್ಳಿಯ ಟೀಚರ್ ಅವರ ಮಾತಿನಂತೆ ಲಿಫ್ಟ್, ಇಲ್ಲವೇ ನೆಲಮಹಡಿ, ಅಲ್ಲಿಯವರೆಗೆ ಕೆಳಗಿನ ಕೋಣೆ ಎಂದು ಬಿಡಿಸಿ ಬರೆದಿದ್ದೇನೆ. ಮೆಟ್ಟಿಲಿನ ತಿರುವಿನ ಅಗಲವನ್ನು ತಮ್ಮ ನನ್ನ ಹೊಲಿಗೆಯ ಟೇಪಿನಿಂದ ಅಳೆದು ತಂದದ್ದನ್ನು ಸೇರಿಸಿದ್ದೇನೆ. ಸಿಬ್ಬಂದಿಯ ಮೇಲೆ ಏನನ್ನೂ ಬರೆದಿಲ್ಲ.

ಮೂಲ ಪತ್ರವನ್ನು ಪಡೆಯಲು ಮಾತ್ರ ನಾನೇ ಹೋದೆ, ಅದು ನನ್ನ ಹಟ. ಅಂದು ಮೇಲಿನಿಂದ ಕರೆದವರೇ ಕೆಳಗಿಳಿದು ಬಂದು, ಚಹಾ ಅಂಗಡಿಯ ಪಕ್ಕದಲ್ಲಿ ವಹಿಯನ್ನು ನನ್ನ ತೊಡೆಯ ಮೇಲಿಟ್ಟು ಸಹಿ ಮಾಡಿಸಿಕೊಂಡರು. ನಾನು ಅಲ್ಲಿದ್ದ ಅರ್ಧ ಗಂಟೆಯಲ್ಲಿ ಒಬ್ಬ ಅಜ್ಜ ಊರುಗೋಲು ಹಿಡಿದುಕೊಂಡು, ಪ್ರತಿ ಮೆಟ್ಟಿಲಿಗೂ ಎರಡೂ ಪಾದ ಇಟ್ಟು ನಿಂತು ನಿಂತು ಮೇಲೆ ಹೋದರು. ನಾನು ಹೊರಡುವ ಹೊತ್ತಿಗೂ ಅವರು ಕೆಳಗೆ ಬಂದಿರಲಿಲ್ಲ. ದೂರಿನ ಸ್ವೀಕೃತಿ ಬಂದಿದೆ, ವಿಚಾರಣೆಯ ದಿನಾಂಕ ಇನ್ನೂ ಬಂದಿಲ್ಲ. ಬಂದಾಗ ಇಲ್ಲಿಯೇ ತಿಳಿಸುತ್ತೇನೆ. ಧಾರವಾಡದ ವಕೀಲರೇ, ಆ ವಿಚಾರಣೆಗೆ ನಾನೇ ಹಾಜರಾಗಿ ಮಾತನಾಡಬಹುದೇ, ಅಥವಾ ವಕೀಲರ ಮೂಲಕವೇ ಹೇಳಿಸಬೇಕೇ ಎಂಬುದನ್ನು ದಯವಿಟ್ಟು ತಿಳಿಸಿ.